ಗೈರು

ಮೂವತ್ತೊಂದು ವರ್ಷ ಸರ್ವೆ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ.
ಹಳೆ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ
ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ.
ಕೈ ನಡುಗಿದರೆ ಒಬ್ಬರ ಗದ್ದೆ ಇನ್ನೊಬ್ಬರದಾಗುತ್ತದೆ.
ಹಾಗೆ ಆಗಿದ್ದೂ ಉಂಟು, ಎರಡು ಸಲ.

ಈಗ ಪಿಂಚಣಿ. ಈಗ ಹುಡುಕುವುದು ನಮ್ಮ ಮನೆಯ ಗೆರೆ.

ಸೋದರತ್ತೆ ಗುತ್ತಮ್ಮ ಹೇಳುವುದು ಇಷ್ಟೇ:
‘ನಮ್ಮೋರು ದಂಡಿನಲ್ಲಿದ್ರಂತೆ.’
ಯಾವ ದಂಡು?
‘ದಂಡು ಅಂದ್ರೆ ದಂಡು ಕಣೆ.’
ಯಾರ ಮೇಲೆ ಕಾದಿದ್ದು?
ಒಣಮೀನಿನ ತಲೆ ಮುರಿಯುತ್ತ ಅಂದಳು:
‘ನಗರದ ಗಲಾಟೆ ಅಂತಿದ್ರಪ್ಪ.
ಯಾರ ಮೇಲೆ ಎಂತದು, ನಮ್ಮ ಮೇಲೆ ನಾವೇ.’

ದುರ್ಗಿಗುಡಿಯ ಒಂದು ಮಹಡಿಯಲ್ಲಿ ರಾಘೋಬ ಮಾಸ್ತರು.
ಜಿಲ್ಲೆಯಲ್ಲಿ ಮೋಡಿ ಲಿಪಿ ಓದುವವರಲ್ಲಿ
ತಾವೇ ಕಡೆಯವರೆಂದು ಮೂರು ಸಲ ಹೇಳಿದರು, ಕಾಫಿ ಬರುವಷ್ಟರಲ್ಲಿ.
ನಾನು ಒಯ್ದ ನಕಲುಗಳ ಮೇಲೆ ಭೂತಗನ್ನಡಿ ಇಟ್ಟು
ಮೊದಲ ಪಟ್ಟಿ ಓದಿದರು. ಸರ್ಕಾರದ್ದು, ಸಂಬಳದ್ದು.

ಸಣ್ಣಬೀರ, ಕೆರಿಯನ ಮಗ, ಹಳೇಪೈಕ, ಊರು ಹುಲಿಸರ.
ಬಂದೂಕು ಒಂದು. ಕಂಬಳಿ ಒಂದು.
ತಿಂಗಳಿಗೆ ಮೂರೂವರೆ ರೂಪಾಯಿ,
ನಾಲ್ಕು ತಿಂಗಳದ್ದು ಬಾಕಿ.
ಅಂಚಿನಲ್ಲಿ, ಬೇರೆ ಮಸಿಯಲ್ಲಿ: ಗೈರು.

ಎರಡನೆಯದು ಕೂಟದವರದ್ದು.
ಕಾಡಿನಂಚಲ್ಲಿ ಹಿಡಿದು ತಂದವರ ಪಟ್ಟಿ.
ಹನ್ನೊಂದನೇ ಹೆಸರಿಗೆ ಮಾಸ್ತರರ ಬೆರಳು ನಿಂತಿತು.
ಸಣ್ಣಬೀರ, ಕೆರಿಯನ ಮಗ, ಹುಲಿಸರ.
ಬಂದೂಕು ಒಂದು.
ಕಂಬಳಿಯ ಮಾತಿಲ್ಲ.
ಮುಂದಿನ ಸಾಲನ್ನು ಗೆದ್ದಲು
ನಮಗಿಂತ ಮೊದಲೇ ಓದಿ ಮುಗಿಸಿತ್ತು.

ಒಬ್ಬನೋ ಇಬ್ಬರೋ?
ಆ ಕಾಲಕ್ಕೆ ಊರಿಗೆ ನಾಲ್ಕು ಕೆರಿಯ,
ಕೆರಿಯನಿಗೊಬ್ಬ ಬೀರ.

ಬಸ್ಸಿನಲ್ಲಿ ಆಯನೂರು ದಾಟುವಷ್ಟರಲ್ಲಿ
ಇಬ್ಬರನ್ನೂ ಅಣ್ಣತಮ್ಮಂದಿರು ಮಾಡಿದ್ದೆ.
ಕೋಟೆಬಾಗಿಲಲ್ಲಿ ಎದುರುಬದುರು ನಿಲ್ಲಿಸಿ
ಒಬ್ಬನ ಗುರಿ ನಡುಗಿಸಿದ್ದೆ.
ಕಣ್ಣು ಕೂಡ ಒದ್ದೆಯಾಯಿತು, ಸುಳ್ಳು ಹೇಳಬಾರದು.
ಆಮೇಲೆ ಕಚೇರಿ ಕಲಿಸಿದ್ದು ನೆನಪಾಯಿತು:
ಎಲ್ಲ ಗೆರೆಯೂ ಚೆಂದ ಕೂಡಿಕೊಂಡರೆ
ನಕ್ಷೆ ಎಲ್ಲೋ ತಪ್ಪಿರುತ್ತದೆ.

ನಮ್ಮ ಮನೆಯಲ್ಲಿ ಹಿರೇರ ಹಬ್ಬಕ್ಕೆ ಎರಡು ಎಡೆ.
ಒಂದು ನಡುಮನೆಯಲ್ಲಿ, ಚಿತ್ತಾರದ ಗೋಡೆಯ ಬುಡಕ್ಕೆ.
ಇನ್ನೊಂದು ಹೊಸ್ತಿಲಾಚೆ, ಮೆಟ್ಟು ಬಿಡುವ ಜಾಗದಲ್ಲಿ.
ಅದೇ ಕಡುಬು, ಅದೇ ಕೋಳಿ, ಅದೇ ಒಂದು ಲೋಟ ಹೆಂಡ.
ಹೊರಗಿನದು ಯಾರಿಗೆ ಎಂದು
ಸಣ್ಣವಳಿದ್ದಾಗ ಕೇಳಿ ಪೆಟ್ಟು ತಿಂದಿದ್ದೆ.

ಉಪ್ಪು ತಿಂದ ಮನೆಗೆ ಎರಡು ಬಗೆದವನು ಹೊರಗೋ,
ಊರಿನ ಮೇಲೆ ಬಂದೂಕು ಎತ್ತಿದವನು ಹೊರಗೋ?

ಅತ್ತೆಗೆ ಎರಡೂ ಪಟ್ಟಿ ಓದಿ ಹೇಳಿದೆ.
‘ಒಬ್ಬನೇ ಇರ್ಬೋದು ಮಾರಾಯ್ತಿ,’ ಅಂದಳು.
‘ನಾಕು ತಿಂಗಳು ಸಂಬಳ ಕೊಡದಿದ್ರೆ ಯಾರು ನಿಲ್ತಾರೆ?
ನಿನ್ನ ಮಾವ ಭದ್ರಾವತಿ ಕಾರ್ಖಾನೆ ಗೇಟು ಕಾಯ್ತಿದ್ದೋನು
ಸಂಬಳ ನಿಂತಾಗ ಹೋಗಿ ಗೇಟಿನ ಎದುರು ಕೂತ.
ಅದೇ ಖಾಕಿ ಅಂಗಿ. ಅದೇ ಬುತ್ತಿಡಬ್ಬಿ.
ಬೆಳಗ್ಗೆ ಅವನನ್ನ ತಳ್ಳಿದೋನು
ರಾತ್ರಿ ಬೀಡಿಗೆ ಬೆಂಕಿ ಕೇಳ್ದ.’

ಹಾಗಾದರೆ ಎರಡು ಎಲೆ ಯಾಕೆ?
‘ಎಲ್ಲಿ ಕೂರ್ತಾನೋ ಯಾರಿಗೆ ಗೊತ್ತು,’ ಅಂದಳು.
ಕಡುಬಿನ ಹಂಡೆಗೆ ಇನ್ನೊಂದು ಕುಂಟೆ ನೂಕಿದಳು.

ಈ ಅಮಾವಾಸ್ಯೆಗೆ ಹೊರಗಿನ ಎಡೆ ಇಡುವ ಪಾಳಿ ನನ್ನದು.
ಹದಿನಾಲ್ಕು ರೂಪಾಯಿ ಬಾಕಿ. ಲೆಕ್ಕ ಹಾಕಿದ್ದೆ,
ಚಿಲ್ಲರೆಯೂ ತಂದಿದ್ದೆ, ಕೊನೆಗೆ ನಾಚಿಕೆಯಾಗಿ
ಸೆರಗಿನಲ್ಲೇ ಕಟ್ಟಿಕೊಂಡೆ.
ಎಲೆಯ ಪಕ್ಕಕ್ಕೆ ಕಂಬಳಿಯೊಂದನ್ನು ಮಡಚಿಟ್ಟೆ,
ಕರಿಯದು, ಒರಟಿನದು.

ಅತ್ತೆ ಬಂದು ನೋಡಿದಳು. ಏನೂ ಕೇಳಲಿಲ್ಲ.
ಅಪರಾತ್ರಿ ಕದ ತೆರೆದರೆ
ಯಾರದೋ ನಾಯಿ ಅದರ ಮೇಲೆ ಸುತ್ತಿಕೊಂಡು ಮಲಗಿತ್ತು.
ಎಬ್ಬಿಸಲಿಲ್ಲ.